ಚಾಲನಾಕಾಲದ ಮೆಥಡ್ ಕರೆ ಮತ್ತು ಪ್ರವೇಶ ದೋಷಗಳು

ಚಾಲನಾಕಾಲದ ಮೆಥಡ್ ಕರೆ ಎಂದರೆ ಆಬ್ಜೆಕ್ಟ್ ಓರಿಯೆಂಟೆಡ್ ಪ್ರೋಗ್ರಾಮಿಂಗ್‌ನಲ್ಲಿ ಯಾವ ಮೆಥಡ್ಡನ್ನು ಕರೆಯಬೇಕೆಂಬುದನ್ನು ಪ್ರೋಗ್ರಾಂ ಬರೆಯುವಾಗಲೇ ನಿಗದಿಪಡಿಸದೆ, ಪ್ರೋಗ್ರಾಂ ಓಡುತ್ತಿರುವಾಗ ಅದರ ಹೆಸರಿನ ಮೂಲಕ ಹುಡುಕಿ ಕರೆಯುವ ವಿಧಾನ. ಹೀಗೆ ಕರೆಯುವಾಗ ಮೆಥಡ್ ಖಾಸಗಿಯಾಗಿದ್ದರೆ, ಅದನ್ನು ಹೊಂದಿರುವ ಕ್ಲಾಸ್ ಹೊರಗಿನವರಿಗೆ ಕಾಣದಿದ್ದರೆ ಅಥವಾ ಕರೆಯುವ ಸ್ಥಳಕ್ಕೆ ಅನುಮತಿಯಿಲ್ಲದಿದ್ದರೆ ಉಂಟಾಗುವ ದೋಷಗಳನ್ನು ಪ್ರವೇಶ ದೋಷಗಳು ಎನ್ನುತ್ತಾರೆ. ಸಾಮಾನ್ಯ ಕರೆಗಳಲ್ಲಿ ಇಂತಹ ತಪ್ಪನ್ನು ಜಾವಾ, ಸಿ ಶಾರ್ಪ್ ಮೊದಲಾದ ಭಾಷೆಗಳ ಕಂಪೈಲರ್ ಮುಂಚಿತವಾಗಿಯೇ ತಡೆಯುತ್ತದೆ. ಚಾಲನಾಕಾಲದ ಕರೆಯಲ್ಲಿ ಹೆಸರು ಕೇವಲ ಒಂದು ಅಕ್ಷರಸಾಲು ಆಗಿರುವುದರಿಂದ ಕಂಪೈಲರ್‌ಗೆ ಅದು ತಿಳಿಯುವುದಿಲ್ಲ. ಆದ್ದರಿಂದ ತಪ್ಪು ಬಳಕೆದಾರನ ಮುಂದೆ, ಕೆಲಸದ ನಡುವೆ ಪ್ರಕಟವಾಗುತ್ತದೆ.

ಈ ದೋಷಗಳನ್ನು ಪತ್ತೆಹಚ್ಚುವುದು ಕಷ್ಟವಾಗಲು ಎರಡು ಕಾರಣಗಳಿವೆ. ಒಂದನೆಯದು, ಅನೇಕ ವೇಳೆ ಅನುಮತಿ ಇಲ್ಲ ಎಂಬ ಸಂಗತಿಯು ಮೆಥಡ್ ಇಲ್ಲ ಎಂಬ ಸಂದೇಶದ ರೂಪದಲ್ಲಿ ಬರುತ್ತದೆ. ಎರಡನೆಯದು, ದೋಷವನ್ನು ಹೋಗಲಾಡಿಸುವ ಅತ್ಯಂತ ಸುಲಭದ ದಾರಿ, ಅಂದರೆ ಪ್ರವೇಶ ತಪಾಸಣೆಯನ್ನೇ ತೆಗೆದುಹಾಕುವುದು, ಹಲವು ಸಲ ದೋಷಕ್ಕಿಂತ ಹೆಚ್ಚು ಹಾನಿಕರವಾಗಿರುತ್ತದೆ.

ಹಿನ್ನೆಲೆ

ಒಂದು ಕ್ಲಾಸಿನ ಒಳವಿವರಗಳನ್ನು ಹೊರಗಿನವರಿಂದ ಮರೆಮಾಡಿ, ಬಳಕೆಗೆ ಬೇಕಾದಷ್ಟನ್ನು ಮಾತ್ರ ತೆರೆದಿಡುವುದನ್ನು ಆವರಣೀಕರಣ ಎನ್ನುತ್ತಾರೆ. ಇದಕ್ಕಾಗಿ ಬಹುತೇಕ ಭಾಷೆಗಳಲ್ಲಿ ಮೂರು ಮುಖ್ಯ ಪ್ರವೇಶ ಮಟ್ಟಗಳಿವೆ.

ಸಾರ್ವಜನಿಕ ಮಟ್ಟ: ಈ ಮೆಥಡ್ಡನ್ನು ಯಾರು ಬೇಕಾದರೂ ಕರೆಯಬಹುದು.
ರಕ್ಷಿತ ಮಟ್ಟ: ಆ ಕ್ಲಾಸ್ ಹಾಗೂ ಅದರಿಂದ ಹುಟ್ಟಿದ ಉಪಕ್ಲಾಸ್‌ಗಳು ಮಾತ್ರ ಕರೆಯಬಹುದು.
ಖಾಸಗಿ ಮಟ್ಟ: ಆ ಕ್ಲಾಸಿನ ಒಳಗಿನಿಂದ ಮಾತ್ರ ಕರೆಯಬಹುದು.

ಜಾವಾದಲ್ಲಿ ಯಾವ ಮಟ್ಟವನ್ನೂ ಬರೆಯದಿದ್ದರೆ ಅದೇ ಪ್ಯಾಕೇಜಿನ ಒಳಗೆ ಮಾತ್ರ ಪ್ರವೇಶ ದೊರೆಯುತ್ತದೆ. ಸಿ ಶಾರ್ಪ್‌ನಲ್ಲಿ ಅದೇ ಅಸೆಂಬ್ಲಿಗೆ ಸೀಮಿತವಾದ ಇಂಟರ್ನಲ್ ಎಂಬ ಮಟ್ಟವೂ ಇದೆ. ಶಬ್ದ ಒಂದೇ ಆದರೂ ನಿಯಮ ಭಾಷೆಯಿಂದ ಭಾಷೆಗೆ ಬದಲಾಗುತ್ತದೆ. ಜಾವಾದ ರಕ್ಷಿತ ಮೆಥಡ್ಡನ್ನು ಅದೇ ಪ್ಯಾಕೇಜಿನ ಇತರ ಕ್ಲಾಸ್‌ಗಳೂ ಕರೆಯಬಹುದು. ಸಿ ಶಾರ್ಪ್‌ನಲ್ಲಿ ಹಾಗಿಲ್ಲ. ಒಂದು ಭಾಷೆಯಲ್ಲಿ ಪಳಗಿದವರು ಇನ್ನೊಂದಕ್ಕೆ ಬಂದಾಗ ಎದುರಿಸುವ ಗೊಂದಲಗಳಲ್ಲಿ ಇದೂ ಒಂದು.

ಇತಿಹಾಸ

ಕ್ಲಾಸ್ ಮತ್ತು ಆಬ್ಜೆಕ್ಟ್ ಎಂಬ ಕಲ್ಪನೆಗಳು ನಾರ್ವೆಯ ಓಲೆ-ಯೋಹಾನ್ ಡಾಲ್ ಮತ್ತು ಕ್ರಿಸ್ಟನ್ ನ್ಯೂಗಾರ್ಡ್ ರೂಪಿಸಿದ ಸಿಮುಲಾ 67 ಭಾಷೆಯಿಂದ ಬಂದವು. ತಂತ್ರಾಂಶದ ಪ್ರತಿ ಘಟಕವೂ ತನ್ನ ಒಳನಿರ್ಧಾರಗಳನ್ನು ಮರೆಮಾಡಬೇಕೆಂಬ ತತ್ತ್ವವನ್ನು ಡೇವಿಡ್ ಪಾರ್ನಾಸ್ 1972ರಲ್ಲಿ ಸ್ಪಷ್ಟವಾಗಿ ಮಂಡಿಸಿದರು. ಅಮೆರಿಕದ ಜೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿ ಬೆಳೆದ ಸ್ಮಾಲ್‌ಟಾಕ್ ಭಾಷೆಯಲ್ಲಿ ಮೆಥಡ್ ಕರೆಯನ್ನು ಒಂದು ಆಬ್ಜೆಕ್ಟ್‌ಗೆ ಕಳುಹಿಸುವ ಸಂದೇಶ ಎಂದು ಭಾವಿಸಲಾಯಿತು. ಸಂದೇಶದ ಹೆಸರನ್ನು ಓಡುವಾಗಲೇ ಆರಿಸಿಕೊಳ್ಳುವ ಸೌಲಭ್ಯವೂ ಅಲ್ಲಿತ್ತು.

ಪ್ರೋಗ್ರಾಂ ತನ್ನ ರಚನೆಯನ್ನು ತಾನೇ ಪರಿಶೀಲಿಸಿಕೊಳ್ಳುವ ಸಾಮರ್ಥ್ಯಕ್ಕೆ ರಿಫ್ಲೆಕ್ಷನ್ ಎಂದು ಹೆಸರು. ಬ್ರಯನ್ ಕ್ಯಾಂಟ್‌ವೆಲ್ ಸ್ಮಿತ್ 1982ರಲ್ಲಿ ಮಂಡಿಸಿದ ಡಾಕ್ಟರೇಟ್ ಪ್ರಬಂಧ ಈ ವಿಷಯಕ್ಕೆ ಭದ್ರ ತಳಹದಿಯನ್ನು ಹಾಕಿತು. ಜಾವಾ ಭಾಷೆಗೆ ರಿಫ್ಲೆಕ್ಷನ್ ಸೌಲಭ್ಯವು 1997ರಲ್ಲಿ ಬಂದ 1.1 ಆವೃತ್ತಿಯಲ್ಲಿ ಸೇರಿತು. ಖಾಸಗಿ ಮೆಥಡ್ಡಿನ ತಪಾಸಣೆಯನ್ನು ಸಡಿಲಿಸುವ ಸೆಟ್‌ಆಕ್ಸೆಸಿಬಲ್ ಎಂಬ ಸೌಲಭ್ಯ 1998ರ 1.2 ಆವೃತ್ತಿಯಲ್ಲಿ ಬಂದಿತು. ಅಲ್ಲಿಂದ ಮುಂದೆ ಜಾವಾದ ಇತಿಹಾಸವು ಈ ಬಾಗಿಲನ್ನು ಕ್ರಮೇಣ ಮುಚ್ಚುತ್ತಾ ಬಂದ ಇತಿಹಾಸವಾಗಿದೆ.

ನಿದರ್ಶನ

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮುರು ಕೈಮಗ್ಗದ ರೇಷ್ಮೆ ಸೀರೆಗೆ ಹೆಸರಾದ ಊರು. ಇಲ್ಲಿಯ ಸೀರೆಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಇದೆ. ಅಲ್ಲಿಯ ನೇಕಾರರ ಸಹಕಾರ ಸಂಘವೊಂದಕ್ಕಾಗಿ ಬರೆದ ಲೆಕ್ಕಪತ್ರದ ಪ್ರೋಗ್ರಾಮನ್ನು ವಿಷಯದ ವಿವರಣೆಗಾಗಿ ಕಲ್ಪಿಸಿಕೊಳ್ಳಬಹುದು. ಅದರಲ್ಲಿ ‘ಸೀರೆಲೆಕ್ಕ’ ಎಂಬ ಕ್ಲಾಸ್ ಇದ್ದು, ಈ ಮೆಥಡ್‌ಗಳನ್ನು ಹೊಂದಿದೆ ಎಂದಿಟ್ಟುಕೊಳ್ಳೋಣ.

‘ದಾಸ್ತಾನುತೋರಿಸು’: ಸಂಘದಲ್ಲಿರುವ ಸೀರೆಗಳ ಪಟ್ಟಿಯನ್ನು ನೀಡುತ್ತದೆ. ಸಾರ್ವಜನಿಕ.
‘ಮಜೂರಿಲೆಕ್ಕ’: ನೇಕಾರರಿಗೆ ಸಲ್ಲಬೇಕಾದ ಮಜೂರಿಯನ್ನು ಲೆಕ್ಕ ಹಾಕುತ್ತದೆ. ಸಾರ್ವಜನಿಕ.
‘ದರಪರಿಷ್ಕರಿಸು’: ಬಳಕೆದಾರನಿಗೆ ಅಧಿಕಾರವಿದೆಯೇ ಎಂದು ನೋಡಿ, ದಿನಾಂಕವನ್ನು ದಾಖಲಿಸಿ, ನಂತರ ‘ದರತಿದ್ದು’ ಮೆಥಡ್ಡನ್ನು ಕರೆಯುತ್ತದೆ. ಸಾರ್ವಜನಿಕ.
‘ದರತಿದ್ದು’: ಮಜೂರಿಯ ದರವನ್ನು ನೇರವಾಗಿ ಬದಲಿಸುತ್ತದೆ. ಖಾಸಗಿ.

ಪರದೆಯ ಮೇಲಿನ ಪಟ್ಟಿಯಲ್ಲಿ ಬಳಕೆದಾರ ಒಂದು ಆಯ್ಕೆಯನ್ನು ಒತ್ತಿದಾಗ, ಆ ಆಯ್ಕೆಯ ಹೆಸರೇ ಮೆಥಡ್ಡಿನ ಹೆಸರಾಗಿ ಬಂದು ಚಾಲನಾಕಾಲದ ಕರೆ ನಡೆಯುತ್ತದೆ. ‘ದಾಸ್ತಾನುತೋರಿಸು’ ಎಂದು ಬಂದರೆ ಕರೆ ಸಫಲವಾಗುತ್ತದೆ. ‘ದರತಿದ್ದು’ ಎಂದು ಬಂದರೆ ಪ್ರವೇಶ ದೋಷ ಉಂಟಾಗುತ್ತದೆ. ಈ ದೋಷವನ್ನು ಪ್ರೋಗ್ರಾಮಿನ ಕೊರತೆ ಎಂದು ತಿಳಿಯಬಾರದು. ‘ದರತಿದ್ದು’ ತಾನಾಗಿ ಯಾವ ಅಧಿಕಾರವನ್ನೂ ಪರಿಶೀಲಿಸುವುದಿಲ್ಲ. ಪರಿಶೀಲನೆ ‘ದರಪರಿಷ್ಕರಿಸು’ ಮೆಥಡ್ಡಿನಲ್ಲಿ ಮುಗಿದಿರುತ್ತದೆ ಎಂಬ ನಂಬಿಕೆಯ ಮೇಲೆ ಅದನ್ನು ಬರೆಯಲಾಗಿದೆ. ಹೊರಗಿನಿಂದ ನೇರವಾಗಿ ಕರೆಯಲು ಅವಕಾಶ ಕೊಟ್ಟರೆ ಯಾರ ಒಪ್ಪಿಗೆಯೂ ಇಲ್ಲದೆ, ಯಾವ ದಾಖಲೆಯೂ ಉಳಿಯದೆ ಮಜೂರಿಯ ದರ ಬದಲಾಗಬಹುದು. ಅದರ ನಷ್ಟ ತಿಂಗಳ ಕೊನೆಯಲ್ಲಿ ಮಗ್ಗದ ಮುಂದೆ ಕುಳಿತವರಿಗೆ ತಗಲುತ್ತದೆ.

ದೋಷದ ಮುಖ್ಯ ಕಾರಣಗಳು

ಮೆಥಡ್ ಖಾಸಗಿ ಅಥವಾ ರಕ್ಷಿತವಾಗಿರುವುದು. ಇದು ಎಲ್ಲಕ್ಕಿಂತ ಸಾಮಾನ್ಯವಾದ ಕಾರಣ.

ಮೆಥಡ್ ಸಾರ್ವಜನಿಕವಾಗಿದ್ದರೂ ಕ್ಲಾಸ್ ಸಾರ್ವಜನಿಕವಲ್ಲದಿರುವುದು. ಕೋಣೆಯ ಬಾಗಿಲು ತೆರೆದಿದ್ದರೂ ಮನೆಯ ತಲೆಬಾಗಿಲು ಮುಚ್ಚಿರುವಂತಹ ಸ್ಥಿತಿ ಇದು.

ಕರೆಯ ಸ್ಥಳ ಬದಲಾಗಿರುವುದು. ಕ್ಲಾಸಿನ ಒಳಗೆ ಸರಿಯಾಗಿ ನಡೆಯುವ ಕರೆಯನ್ನೇ ಬೇರೊಂದು ಕ್ಲಾಸಿಗೆ ಒಪ್ಪಿಸಿದಾಗ ಅಲ್ಲಿ ಅದು ವಿಫಲವಾಗುತ್ತದೆ. ಅನುಮತಿಯನ್ನು ಹೆಸರು ಎಲ್ಲಿ ಬರೆಯಲ್ಪಟ್ಟಿತು ಎಂಬುದರ ಮೇಲಲ್ಲ, ಕರೆ ಎಲ್ಲಿಂದ ಹೊರಟಿತು ಎಂಬುದರ ಮೇಲೆ ತೀರ್ಮಾನಿಸುವ ಭಾಷೆಗಳಲ್ಲಿ ಹೀಗಾಗುತ್ತದೆ.

ತಪ್ಪಾದ ಹುಡುಕಾಟ. ಸಾರ್ವಜನಿಕ ಮೆಥಡ್‌ಗಳನ್ನು ಮಾತ್ರ ನೋಡುವ ಹುಡುಕಾಟಕ್ಕೆ ಖಾಸಗಿ ಮೆಥಡ್ ಕಾಣುವುದೇ ಇಲ್ಲ. ಆಗ ಬರುವ ಸಂದೇಶ ಪ್ರವೇಶದ ಮಾತನ್ನು ಎತ್ತದೆ, ಮೆಥಡ್ ಇಲ್ಲವೆಂದು ಹೇಳುತ್ತದೆ.

ಘಟಕದ ಗಡಿ. ಜಾವಾದ ಮಾಡ್ಯೂಲ್, ಸಿ ಶಾರ್ಪ್‌ನ ಅಸೆಂಬ್ಲಿ ಮುಂತಾದ ದೊಡ್ಡ ಘಟಕಗಳು ತಮ್ಮದೇ ಗಡಿಗಳನ್ನು ಹೊಂದಿರುತ್ತವೆ.

ಭಾಷೆವಾರು ವಿವರ

ಜಾವಾ

ಜಾವಾದಲ್ಲಿ ಮೆಥಡ್ಡನ್ನು ಹುಡುಕಲು ಎರಡು ದಾರಿಗಳಿವೆ. ಗೆಟ್‌ಮೆಥಡ್ ಎಂಬುದು ಸಾರ್ವಜನಿಕ ಮೆಥಡ್‌ಗಳನ್ನು, ಮೇಲಿನ ಕ್ಲಾಸ್‌ಗಳಿಂದ ಬಂದವನ್ನೂ ಸೇರಿಸಿ, ಹುಡುಕುತ್ತದೆ. ಗೆಟ್‌ಡಿಕ್ಲೇರ್ಡ್‌ಮೆಥಡ್ ಎಂಬುದು ಆ ಕ್ಲಾಸಿನಲ್ಲಿಯೇ ಬರೆದ ಎಲ್ಲ ಮಟ್ಟದ ಮೆಥಡ್‌ಗಳನ್ನು ಹುಡುಕುತ್ತದೆ. ಆದರೆ ಮೇಲಿನ ಕ್ಲಾಸ್‌ಗಳತ್ತ ನೋಡುವುದಿಲ್ಲ. ಹೀಗಾಗಿ ‘ಸೀರೆಲೆಕ್ಕ’ದಿಂದ ಹುಟ್ಟಿದ ಉಪಕ್ಲಾಸೊಂದರಲ್ಲಿ ‘ದರತಿದ್ದು’ ಎಂಬುದನ್ನು ಎರಡರಲ್ಲಿ ಯಾವ ದಾರಿಯಿಂದ ಹುಡುಕಿದರೂ ನೋಸಚ್‌ಮೆಥಡ್ ಎಂಬ ದೋಷವೇ ಬರುತ್ತದೆ. ಮೊದಲನೆಯ ದಾರಿಗೆ ಅದು ಖಾಸಗಿಯಾದ್ದರಿಂದ ಕಾಣುವುದಿಲ್ಲ. ಎರಡನೆಯದಕ್ಕೆ ಅದು ಮೇಲಿನ ಕ್ಲಾಸಿನಲ್ಲಿರುವುದರಿಂದ ಕಾಣುವುದಿಲ್ಲ.

ಮೆಥಡ್ ಸಿಕ್ಕಿದ ಮೇಲೆ ಇನ್ವೋಕ್ ಎಂಬ ಮೂಲಕ ಕರೆಯುವಾಗ ಅನುಮತಿಯ ತಪಾಸಣೆ ನಡೆಯುತ್ತದೆ. ಅನುಮತಿ ಇಲ್ಲದಿದ್ದರೆ ಇಲ್ಲೀಗಲ್‌ಆಕ್ಸೆಸ್ ದೋಷ ಬರುತ್ತದೆ. ಕರೆದ ಮೆಥಡ್ಡಿನ ಒಳಗೇ ಬೇರೆ ದೋಷ ಸಂಭವಿಸಿದರೆ ಅದು ಇನ್ವೊಕೇಷನ್‌ಟಾರ್ಗೆಟ್ ಎಂಬ ಹೊದಿಕೆಯೊಳಗೆ ಬರುತ್ತದೆ. ಈ ಎರಡನ್ನು ಬೇರ್ಪಡಿಸಿ ನೋಡುವುದು ಅಗತ್ಯ. ಹೊದಿಕೆಯ ದೋಷ ಬಂದಿದೆ ಎಂದರೆ ಪ್ರವೇಶ ದೊರೆತು ಮೆಥಡ್ ಓಡಿದೆ ಎಂದೇ ಅರ್ಥ. ಆಗ ಹೊದಿಕೆಯೊಳಗಿನ ಮೂಲ ಕಾರಣವನ್ನು ತೆಗೆದು ಓದಬೇಕು.

ಸಾರ್ವಜನಿಕವಲ್ಲದ ಕ್ಲಾಸಿನ ಸಾರ್ವಜನಿಕ ಮೆಥಡ್ ಜಾವಾದಲ್ಲಿ ಬಹುಕಾಲದಿಂದ ಗೊಂದಲವನ್ನುಂಟುಮಾಡುತ್ತಿದೆ. ಎಣ್ಣೆ ಗಿರಣಿಗಳಿಗೂ ಶೇಂಗಾ ವ್ಯಾಪಾರಕ್ಕೂ ಹೆಸರಾದ ಚಳ್ಳಕೆರೆಯ ಮಾರುಕಟ್ಟೆಗೆ ಒಂದು ತೂಕದ ಪ್ರೋಗ್ರಾಂ ಇದೆ ಎಂದು ಭಾವಿಸಬಹುದು. ಅದರಲ್ಲಿ ‘ತೂಕಪಟ್ಟಿ’ ಎಂಬ ಸಾರ್ವಜನಿಕ ಇಂಟರ್‌ಫೇಸ್ ಇದೆ. ಅದನ್ನು ಅನುಸರಿಸುವ ‘ಶೇಂಗಾಪಟ್ಟಿ’ ಎಂಬ ಕ್ಲಾಸ್ ತನ್ನ ಪ್ಯಾಕೇಜಿಗೆ ಮಾತ್ರ ಸೀಮಿತವಾಗಿದೆ. ಆಬ್ಜೆಕ್ಟಿನ ನಿಜವಾದ ಕ್ಲಾಸನ್ನು ಕೇಳಿ, ಅದರಲ್ಲಿ ‘ತೂಕನೀಡು’ ಮೆಥಡ್ಡನ್ನು ಹುಡುಕಿ ಹೊರಗಿನಿಂದ ಕರೆದರೆ, ಮೆಥಡ್ ಸಾರ್ವಜನಿಕವಾಗಿದ್ದರೂ ಇಲ್ಲೀಗಲ್‌ಆಕ್ಸೆಸ್ ದೋಷ ಬರುತ್ತದೆ. ಅದೇ ಮೆಥಡ್ಡನ್ನು ‘ತೂಕಪಟ್ಟಿ’ ಇಂಟರ್‌ಫೇಸಿನಲ್ಲಿ ಹುಡುಕಿ, ಅದೇ ಆಬ್ಜೆಕ್ಟಿನ ಮೇಲೆ ಕರೆದರೆ ಕೆಲಸ ನಡೆಯುತ್ತದೆ. ಯಾವ ತಪಾಸಣೆಯನ್ನೂ ಮುರಿಯದ ಈ ಪರಿಹಾರವು ಅತ್ಯಂತ ಯೋಗ್ಯವಾದುದು.

ಒಂದರೊಳಗೊಂದು ಇರುವ ಕ್ಲಾಸ್‌ಗಳ ವಿಷಯದಲ್ಲಿಯೂ ಹಿಂದೆ ಒಂದು ವಿಚಿತ್ರವಿತ್ತು. ಒಳಗಿನ ಕ್ಲಾಸಿನ ಖಾಸಗಿ ಮೆಥಡ್ಡನ್ನು ಹೊರಗಿನ ಕ್ಲಾಸ್ ನೇರವಾಗಿ ಕರೆಯಲು ಭಾಷೆ ಅನುಮತಿ ನೀಡುತ್ತಿತ್ತು. ಆದರೆ ಅದೇ ಕರೆಯನ್ನು ರಿಫ್ಲೆಕ್ಷನ್ ಮೂಲಕ ಮಾಡಿದರೆ ದೋಷ ಬರುತ್ತಿತ್ತು. 2018ರಲ್ಲಿ ಬಂದ ಜಾವಾ 11 ಈ ವ್ಯತ್ಯಾಸವನ್ನು ಸರಿಪಡಿಸಿತು.

2017ರ ಜಾವಾ 9 ಮಾಡ್ಯೂಲ್ ವ್ಯವಸ್ಥೆಯನ್ನು ತಂದಿತು. ತೆರೆದಿಡದ ಪ್ಯಾಕೇಜಿನ ಖಾಸಗಿ ಭಾಗಕ್ಕೆ ಸೆಟ್‌ಆಕ್ಸೆಸಿಬಲ್ ಬಳಸಿದರೆ ಇನ್‌ಆಕ್ಸೆಸಿಬಲ್‌ಆಬ್ಜೆಕ್ಟ್ ಎಂಬ ಹೊಸ ದೋಷ ಬರುವಂತಾಯಿತು. ಹಳೆಯ ತಂತ್ರಾಂಶಗಳಿಗೆ ತೊಂದರೆಯಾಗಬಾರದೆಂದು ಜಾವಾದ ಸ್ವಂತ ಒಳಭಾಗಗಳಿಗೆ ಸಂಬಂಧಿಸಿ ಮೊದಲು ಎಚ್ಚರಿಕೆ ಮಾತ್ರ ನೀಡಲಾಗುತ್ತಿತ್ತು. 2021ರ ಮಾರ್ಚ್‌ನಲ್ಲಿ ಬಂದ ಜಾವಾ 16 ನಿರಾಕರಣೆಯನ್ನೇ ರೂಢಿಯ ನಿಯಮವನ್ನಾಗಿ ಮಾಡಿತು. ಅದೇ ವರ್ಷ ಸೆಪ್ಟೆಂಬರ್‌ನ ಜಾವಾ 17 ಎಲ್ಲವನ್ನೂ ಒಟ್ಟಿಗೆ ಸಡಿಲಿಸುವ ಆಯ್ಕೆಯನ್ನು ತೆಗೆದುಹಾಕಿತು. ಜಾವಾ 8ರಲ್ಲಿ ನಿರಾತಂಕವಾಗಿ ಓಡುತ್ತಿದ್ದ ಪ್ರೋಗ್ರಾಂ ಜಾವಾ 17ಕ್ಕೆ ಬಂದೊಡನೆ ನಿಲ್ಲಲು ಇದು ಸಾಮಾನ್ಯ ಕಾರಣ. ಇಂತಹ ಸಂದರ್ಭದಲ್ಲಿ ಸಂಬಂಧಪಟ್ಟ ಗ್ರಂಥಾಲಯದ ಹೊಸ ಆವೃತ್ತಿಯನ್ನು ಬಳಸುವುದು ಮೊದಲ ಪರಿಹಾರ. ಸ್ವಂತ ಮಾಡ್ಯೂಲ್ ಆಗಿದ್ದರೆ ಅದರ ವಿವರಣಾ ಕಡತದಲ್ಲಿ ಓಪನ್ಸ್ ಎಂಬ ಪದದಿಂದ ಬೇಕಾದ ಪ್ಯಾಕೇಜನ್ನು ಮಾತ್ರ, ಬೇಕಾದ ಮಾಡ್ಯೂಲಿಗೆ ಮಾತ್ರ ತೆರೆಯಬಹುದು.

ಸಿ ಶಾರ್ಪ್

ಇಲ್ಲಿ ಗೆಟ್‌ಮೆಥಡ್ ಹೆಸರನ್ನಷ್ಟೇ ಪಡೆದಾಗ ಸಾರ್ವಜನಿಕ ಮೆಥಡ್‌ಗಳನ್ನು ಮಾತ್ರ ಹುಡುಕುತ್ತದೆ. ಸಿಗದಿದ್ದರೆ ದೋಷವನ್ನು ಎಸೆಯದೆ ನಲ್ ಎಂಬ ಶೂನ್ಯ ಉತ್ತರವನ್ನು ನೀಡುತ್ತದೆ. ಅದನ್ನು ಪರೀಕ್ಷಿಸದೆ ಮುಂದುವರಿದರೆ ಮುಂದಿನ ಸಾಲಿನಲ್ಲಿ ನಲ್‌ರೆಫರೆನ್ಸ್ ದೋಷ ಬರುತ್ತದೆ. ಸಂದೇಶವನ್ನು ಓದಿದವರಿಗೆ ಇದು ಪ್ರವೇಶಕ್ಕೆ ಸಂಬಂಧಿಸಿದ್ದೆಂದು ಹೊಳೆಯುವುದಿಲ್ಲ. ಖಾಸಗಿ ಮೆಥಡ್ ಬೇಕಾದಲ್ಲಿ ಬೈಂಡಿಂಗ್‌ಫ್ಲ್ಯಾಗ್ಸ್ ಮೂಲಕ ನಾನ್‌ಪಬ್ಲಿಕ್ ಮತ್ತು ಇನ್‌ಸ್ಟನ್ಸ್ ಎಂಬ ಎರಡನ್ನೂ ಸೂಚಿಸಬೇಕು. ಒಂದನ್ನೇ ಸೂಚಿಸಿದರೆ ಮತ್ತೆ ಶೂನ್ಯ ಉತ್ತರವೇ ದೊರೆಯುತ್ತದೆ.

2010ರ ಸಿ ಶಾರ್ಪ್ 4 ಆವೃತ್ತಿಯಲ್ಲಿ ಡೈನಾಮಿಕ್ ಎಂಬ ಪದ ಸೇರಿತು. ಇದರ ಮೂಲಕ ಮಾಡುವ ಕರೆ ಸಾಮಾನ್ಯ ಪ್ರವೇಶ ನಿಯಮಗಳನ್ನು ಪಾಲಿಸುತ್ತದೆ. ಹೆಸರಿಲ್ಲದ ಟೈಪುಗಳು ತಮ್ಮ ಅಸೆಂಬ್ಲಿಗೆ ಸೀಮಿತವಾದವು. ಅಂತಹ ಆಬ್ಜೆಕ್ಟನ್ನು ಬೇರೆ ಅಸೆಂಬ್ಲಿಗೆ ಕಳುಹಿಸಿ ಅಲ್ಲಿ ಡೈನಾಮಿಕ್ ಆಗಿ ಬಳಸಿದಾಗ, ಕಣ್ಣಿಗೆ ಕಾಣುವ ಗುಣವೇ ಇಲ್ಲವೆಂಬ ಸಂದೇಶ ಬರುವುದು ಇದರಿಂದಲೇ.

ಪಿಎಚ್‌ಪಿ

2004ರ ಪಿಎಚ್‌ಪಿ 5 ಆವೃತ್ತಿಯಿಂದ ಈ ಭಾಷೆಯಲ್ಲಿ ಪ್ರವೇಶ ಮಟ್ಟಗಳಿವೆ. ಮೆಥಡ್ಡನ್ನು ಕರೆಯುವ ಮೊದಲು ಪರೀಕ್ಷಿಸಲು ಎರಡು ಸೌಲಭ್ಯಗಳಿದ್ದು, ಅವುಗಳ ವ್ಯತ್ಯಾಸವನ್ನು ತಿಳಿಯದಿರುವುದು ಅನೇಕ ದೋಷಗಳ ಮೂಲ. ಮೆಥಡ್_ಎಕ್ಸಿಸ್ಟ್ಸ್ ಎಂಬುದು ಮೆಥಡ್ ಇದೆಯೇ ಎಂದು ಮಾತ್ರ ಹೇಳುತ್ತದೆ. ಖಾಸಗಿ ಮೆಥಡ್ಡಿಗೂ ಹೌದು ಎಂಬ ಉತ್ತರವೇ ಬರುತ್ತದೆ. ಈಸ್_ಕಾಲಬಲ್ ಎಂಬುದು ಕೇಳಿದ ಸ್ಥಳದಿಂದ ಕರೆಯಬಹುದೇ ಎಂದು ಹೇಳುತ್ತದೆ. ಕರೆಯುವ ಮುನ್ನ ಕೇಳಬೇಕಾದ ಪ್ರಶ್ನೆ ಎರಡನೆಯದು. ಆದರೆ ಕ್ಲಾಸಿನಲ್ಲಿ ಕಾಲ್ ಎಂಬ ಮಾಂತ್ರಿಕ ಮೆಥಡ್ ಇದ್ದರೆ, ಇಲ್ಲದ ಹೆಸರಿಗೂ ಈಸ್_ಕಾಲಬಲ್ ಹೌದು ಎನ್ನುತ್ತದೆ ಎಂಬುದನ್ನು ನೆನಪಿಡಬೇಕು.

ಮೆಥಡ್ಡಿನ ಹೆಸರನ್ನು ಇನ್ನೊಂದು ಕ್ಲಾಸಿಗೆ ಒಪ್ಪಿಸಿ, ಅದು ನಂತರ ಕರೆಯುವಂತೆ ಮಾಡುವುದು ಪಿಎಚ್‌ಪಿಯಲ್ಲಿ ರೂಢಿ. ಒಪ್ಪಿಸಿದ ಸ್ಥಳದಲ್ಲಿ ಮೆಥಡ್ ಖಾಸಗಿಯಾಗಿದ್ದರೆ ಕರೆಯುವ ಕ್ಲಾಸಿಗೆ ಅನುಮತಿ ಇರುವುದಿಲ್ಲ. ಕ್ಲಾಸಿನ ಒಳಗೇ ಕ್ಲೋಷರ್ ಒಂದನ್ನು ಸೃಷ್ಟಿಸಿ ಅದನ್ನು ಒಪ್ಪಿಸಿದರೆ, ಕ್ಲೋಷರ್ ಹುಟ್ಟಿದ ಸ್ಥಳದ ಅನುಮತಿಯನ್ನು ಜೊತೆಗೇ ಒಯ್ಯುವುದರಿಂದ ತೊಂದರೆ ಬಗೆಹರಿಯುತ್ತದೆ; ಮೆಥಡ್ ಖಾಸಗಿಯಾಗಿಯೇ ಉಳಿಯುತ್ತದೆ. ಕಾಲ್_ಯೂಸರ್_ಫಂಕ್ ಮೂಲಕ ಅನುಮತಿಯಿಲ್ಲದ ಕರೆಯನ್ನು ಮಾಡಿದಾಗ ಹಳೆಯ ಆವೃತ್ತಿಗಳು ಎಚ್ಚರಿಕೆ ನೀಡಿ ಮುಂದೆ ಸಾಗುತ್ತಿದ್ದವು; 2020ರ ಪಿಎಚ್‌ಪಿ 8 ಆವೃತ್ತಿಯಿಂದ ಟೈಪ್‌ಎರರ್ ಬರುತ್ತದೆ. 2021ರ 8.1 ಆವೃತ್ತಿಯಿಂದ ರಿಫ್ಲೆಕ್ಷನ್ ಮೂಲಕ ಪಡೆದ ಮೆಥಡ್‌ಗಳಿಗೆ ಪ್ರವೇಶ ತಪಾಸಣೆಯೇ ಇಲ್ಲ; ಆದ್ದರಿಂದ ಅಲ್ಲಿ ಸೆಟ್‌ಆಕ್ಸೆಸಿಬಲ್ ಬರೆಯುವ ಅಗತ್ಯವಿಲ್ಲ.

ರೂಬಿ

ರೂಬಿಯಲ್ಲಿ ಸೆಂಡ್ ಎಂಬುದು ಪ್ರವೇಶ ಮಟ್ಟವನ್ನು ಗಮನಿಸದೆ ಯಾವ ಮೆಥಡ್ಡನ್ನಾದರೂ ಕರೆಯುತ್ತದೆ. ಹೀಗಾಗಿ ಇಲ್ಲಿ ದೋಷ ಬರದಿರುವುದೇ ಅಪಾಯ. ಮೇಲಿನ ನಿದರ್ಶನದಲ್ಲಿ ಪರದೆಯಿಂದ ಬಂದ ಹೆಸರನ್ನು ಸೆಂಡ್‌ಗೆ ನೀಡಿದರೆ ‘ದರತಿದ್ದು’ ಯಾವ ಅಡ್ಡಿಯೂ ಇಲ್ಲದೆ ಓಡುತ್ತದೆ. 1.9 ಆವೃತ್ತಿಯಲ್ಲಿ ಬಂದ ಪಬ್ಲಿಕ್_ಸೆಂಡ್ ಸಾರ್ವಜನಿಕ ಮೆಥಡ್‌ಗಳನ್ನು ಮಾತ್ರ ಕರೆಯುತ್ತದೆ. ಉಳಿದವಕ್ಕೆ ನೋಮೆಥಡ್‌ಎರರ್ ಬರುತ್ತದೆ. ಹೊರಗಿನಿಂದ ಬಂದ ಹೆಸರಿಗೆ ಸೆಂಡ್ ಬದಲು ಇದನ್ನೇ ಬಳಸಬೇಕು. ರೆಸ್ಪಾಂಡ್_ಟು ಎಂಬ ಪರೀಕ್ಷೆಯು ಖಾಸಗಿ ಮೆಥಡ್‌ಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಪೈಥಾನ್

ಪೈಥಾನ್‌ನಲ್ಲಿ ಕಟ್ಟುನಿಟ್ಟಾದ ಖಾಸಗಿತನವಿಲ್ಲ. ಹೆಸರಿನ ಮೊದಲಿಗೆ ಒಂದು ಅಡಿಗೆರೆ ಇದ್ದರೆ ಅದು ಒಳಬಳಕೆಯದೆಂಬ ಸೂಚನೆ ಮಾತ್ರ. ಎರಡು ಅಡಿಗೆರೆಗಳಿದ್ದು ಕೊನೆಯಲ್ಲಿ ಅವಿಲ್ಲದಿದ್ದರೆ ಭಾಷೆಯು ಆ ಹೆಸರಿಗೆ ಕ್ಲಾಸಿನ ಹೆಸರನ್ನು ಸೇರಿಸುತ್ತದೆ. ‘__ದರತಿದ್ದು’ ಎಂದು ಬರೆದುದು ಒಳಗೆ ‘_ಸೀರೆಲೆಕ್ಕ__ದರತಿದ್ದು’ ಆಗುತ್ತದೆ. ಈ ಬದಲಾವಣೆ ಪ್ರೋಗ್ರಾಮಿನಲ್ಲಿ ನೇರವಾಗಿ ಬರೆದ ಹೆಸರುಗಳಿಗೆ ಮಾತ್ರ ಅನ್ವಯಿಸುತ್ತದೆ, ಅಕ್ಷರಸಾಲುಗಳಿಗೆ ಅನ್ವಯಿಸುವುದಿಲ್ಲ. ಆದ್ದರಿಂದ ಅದೇ ಕ್ಲಾಸಿನ ಒಳಗಿನಿಂದಲೇ ಗೆಟ್‌ಆಟ್ರ್ ಮೂಲಕ ‘__ದರತಿದ್ದು’ ಎಂಬ ಅಕ್ಷರಸಾಲನ್ನು ನೀಡಿದರೂ ಆಟ್ರಿಬ್ಯೂಟ್‌ಎರರ್ ಬರುತ್ತದೆ. ಹೆಸರಿನ ಮೂಲಕ ಕರೆಯಬೇಕಾದ ಮೆಥಡ್‌ಗಳಿಗೆ ಎರಡು ಅಡಿಗೆರೆಯ ಹೆಸರನ್ನು ಇಡದಿರುವುದೇ ಸರಿಯಾದ ಕ್ರಮ.

ಜಾವಾಸ್ಕ್ರಿಪ್ಟ್

2022ರ ಭಾಷಾ ಮಾನಕವು ಹ್ಯಾಶ್ ಚಿಹ್ನೆಯಿಂದ ಆರಂಭವಾಗುವ ಖಾಸಗಿ ಮೆಥಡ್‌ಗಳನ್ನು ಅಂಗೀಕರಿಸಿತು. ಇವನ್ನು ಚೌಕಾವರಣದೊಳಗೆ ಹೆಸರು ಬರೆದು ಕರೆಯಲು ಸಾಧ್ಯವೇ ಇಲ್ಲ. ಹಾಗೆ ಹುಡುಕಿದಾಗ ಅನ್‌ಡಿಫೈನ್ಡ್ ಎಂಬ ಉತ್ತರ ಬಂದು, ಕರೆದೊಡನೆ ಅದು ಫಂಕ್ಷನ್ ಅಲ್ಲವೆಂಬ ಟೈಪ್‌ಎರರ್ ಕಾಣಿಸುತ್ತದೆ.

ಕನ್ನಡ ಹೆಸರುಗಳ ಮೆಥಡ್‌ಗಳಲ್ಲಿ ವಿಶೇಷ ತೊಂದರೆ

ಜಾವಾ, ಪೈಥಾನ್ 3, ರೂಬಿ, ಜಾವಾಸ್ಕ್ರಿಪ್ಟ್ ಮೊದಲಾದ ಭಾಷೆಗಳಲ್ಲಿ ಕನ್ನಡ ಲಿಪಿಯಲ್ಲಿಯೇ ಮೆಥಡ್‌ಗಳಿಗೆ ಹೆಸರಿಡಬಹುದು. ಆದರೆ ಹೆಸರನ್ನು ಅಕ್ಷರಸಾಲಾಗಿ ನೀಡಿ ಕರೆಯುವಾಗ ಪ್ರವೇಶ ದೋಷದಂತೆಯೇ ತೋರುವ ಬೇರೊಂದು ತೊಂದರೆ ಎದುರಾಗಬಹುದು.

ಯೂನಿಕೋಡ್‌ನಲ್ಲಿ ಕನ್ನಡದ ಕೆಲವು ಸ್ವರಚಿಹ್ನೆಗಳನ್ನು ಎರಡು ಬಗೆಯಲ್ಲಿ ಬರೆಯಬಹುದು. ‘ಸೀ’ ಎಂಬಲ್ಲಿನ ಈಕಾರ ಒಂದೇ ಸಂಕೇತವಾಗಿರಬಹುದು. ಇಲ್ಲವೆ ಇಕಾರ ಮತ್ತು ದೀರ್ಘಚಿಹ್ನೆ ಎಂಬ ಎರಡು ಸಂಕೇತಗಳಾಗಿರಬಹುದು. ‘ತೋ’ ಎಂಬಲ್ಲಿನ ಓಕಾರ ಒಂದು ಸಂಕೇತವಾಗಿಯೂ ಮೂರು ಸಂಕೇತಗಳಾಗಿಯೂ ಬರಬಹುದು. ಪರದೆಯ ಮೇಲೆ ಎರಡೂ ಒಂದೇ ರೀತಿ ಕಾಣುತ್ತವೆ. ಗಣಕಯಂತ್ರಕ್ಕೆ ಮಾತ್ರ ಬೇರೆ ಬೇರೆ. ಪೈಥಾನ್ ಪ್ರೋಗ್ರಾಮಿನಲ್ಲಿ ಬರೆದ ಹೆಸರುಗಳನ್ನು ಓದುವಾಗ ಒಂದೇ ರೂಪಕ್ಕೆ ತರುತ್ತದೆ. ಗೆಟ್‌ಆಟ್ರ್‌ಗೆ ನೀಡಿದ ಅಕ್ಷರಸಾಲಿಗೆ ಹಾಗೆ ಮಾಡುವುದಿಲ್ಲ. ಆದ್ದರಿಂದ ಬಿಡಿಸಿ ಬರೆದ ‘ದಾಸ್ತಾನುತೋರಿಸು’ ಎಂಬ ಸಾಲು, ಸಾರ್ವಜನಿಕ ಮೆಥಡ್ ಕಣ್ಣೆದುರಿಗೇ ಇದ್ದರೂ, ಅದನ್ನು ಕಾಣಲಾರದು.

ಕನ್ನಡ ಬರಹದಲ್ಲಿ ಅರ್ಧಾಕ್ಷರದ ನಂತರ ಒತ್ತಕ್ಷರ ಕೂಡದಂತೆ ಬಳಸುವ, ಕಣ್ಣಿಗೆ ಕಾಣದ ಶೂನ್ಯ ಅಗಲದ ಬೇರ್ಪಡಕವೂ ಇಂತಹುದೇ. ಪೈಥಾನ್‌ನಲ್ಲಿ ಹೆಸರಿನೊಳಗೆ ಅದಕ್ಕೆ ಅವಕಾಶವಿಲ್ಲ. ಅಕ್ಷರಸಾಲಿನಲ್ಲಿ ಮಾತ್ರ ಅದು ಸದ್ದಿಲ್ಲದೆ ಸೇರಿಕೊಳ್ಳಬಹುದು. ಹೆಸರಿನ ಉದ್ದವನ್ನು ಮುದ್ರಿಸಿ ನೋಡುವುದು ಇದನ್ನು ಪತ್ತೆಹಚ್ಚುವ ಸರಳ ಉಪಾಯ. ಹೊರಗಿನಿಂದ ಬಂದ ಹೆಸರನ್ನು ಹುಡುಕುವ ಮುನ್ನ ಯೂನಿಕೋಡ್ ಸಾಮಾನ್ಯೀಕರಣಕ್ಕೆ ಒಳಪಡಿಸಿದರೆ ಸ್ವರಚಿಹ್ನೆಯ ತೊಂದರೆ ನಿವಾರಣೆಯಾಗುತ್ತದೆ. ಬೇರ್ಪಡಕವನ್ನು ಪ್ರತ್ಯೇಕವಾಗಿ ತೆಗೆಯಬೇಕಾಗುತ್ತದೆ.

ದೋಷ ಪತ್ತೆಯ ಕ್ರಮ

1. ದೋಷದ ಪೂರ್ಣ ಸಂದೇಶವನ್ನು ಓದಬೇಕು. ಹೊದಿಕೆಯ ದೋಷವಾಗಿದ್ದರೆ ಒಳಗಿನ ಮೂಲ ಕಾರಣವನ್ನು ಮೊದಲು ನೋಡಬೇಕು.
2. ಮೆಥಡ್ ಇಲ್ಲವೆಂಬ ಸಂದೇಶ ಬಂದರೆ, ಕ್ಲಾಸಿನ ಎಲ್ಲ ಮೆಥಡ್‌ಗಳ ಪಟ್ಟಿಯನ್ನು ಮುದ್ರಿಸಿ ಹೆಸರು ಅದರಲ್ಲಿದೆಯೇ ಎಂದು ಪರಿಶೀಲಿಸಬೇಕು. ಇದ್ದರೆ ತೊಂದರೆ ಪ್ರವೇಶದ್ದು ಅಥವಾ ಹುಡುಕಾಟದ ಬಗೆಯದು, ಇಲ್ಲದಿದ್ದರೆ ಹೆಸರಿನದು.
3. ಹೆಸರು ಸರಿಯಾಗಿದ್ದರೂ ಸಿಗದಿದ್ದರೆ ಆರ್ಗ್ಯುಮೆಂಟ್‌ಗಳ ಸಂಖ್ಯೆ ಮತ್ತು ಟೈಪುಗಳನ್ನು ಹೋಲಿಸಬೇಕು. ಜಾವಾದಲ್ಲಿ ಒಂದೇ ಹೆಸರಿನ ಮೆಥಡ್‌ಗಳನ್ನು ಟೈಪುಗಳಿಂದಲೇ ಬೇರ್ಪಡಿಸುತ್ತಾರೆ.
4. ಮೆಥಡ್ಡಿನ ಪ್ರವೇಶ ಮಟ್ಟವನ್ನೂ ಅದನ್ನು ಹೊಂದಿರುವ ಕ್ಲಾಸಿನ ಪ್ರವೇಶ ಮಟ್ಟವನ್ನೂ ಬೇರೆ ಬೇರೆಯಾಗಿ ನೋಡಬೇಕು.
5. ಆಬ್ಜೆಕ್ಟಿನ ನಿಜವಾದ ಕ್ಲಾಸ್ ಯಾವುದೆಂದು ತಿಳಿಯಬೇಕು. ಫ್ರೇಮ್‌ವರ್ಕ್‌ಗಳು ಮೂಲ ಆಬ್ಜೆಕ್ಟಿನ ಬದಲು ಪ್ರಾಕ್ಸಿ ಎಂಬ ಪ್ರತಿನಿಧಿಯನ್ನು ನೀಡಿರುವ ಸಾಧ್ಯತೆಯುಂಟು.
6. ಕರೆ ಯಾವ ಕ್ಲಾಸಿನಿಂದ, ಯಾವ ಪ್ಯಾಕೇಜಿನಿಂದ, ಯಾವ ಮಾಡ್ಯೂಲಿನಿಂದ ಹೊರಡುತ್ತಿದೆ ಎಂದು ಗುರುತಿಸಬೇಕು.
7. ಭಾಷೆಯ ಅಥವಾ ಗ್ರಂಥಾಲಯದ ಆವೃತ್ತಿ ಇತ್ತೀಚೆಗೆ ಬದಲಾಗಿದೆಯೇ ಎಂದು ವಿಚಾರಿಸಬೇಕು.

ಪರಿಹಾರಗಳು

ಪರಿಹಾರವನ್ನು ಆರಿಸುವ ಮೊದಲು ಆ ಮೆಥಡ್ಡನ್ನು ಖಾಸಗಿಯಾಗಿ ಇಟ್ಟಿರುವುದು ಏಕೆ ಎಂಬುದನ್ನು ತಿಳಿಯುವುದು ಅವಶ್ಯಕ. ಸಾಮಾನ್ಯವಾಗಿ ಕೆಳಗಿನ ಕ್ರಮದಲ್ಲಿ ಯೋಚಿಸಲಾಗುತ್ತದೆ.

ಮೊದಲನೆಯದಾಗಿ, ಅದೇ ಕೆಲಸವನ್ನು ಮಾಡುವ ಸಾರ್ವಜನಿಕ ಮೆಥಡ್ ಇದ್ದರೆ ಅದನ್ನೇ ಕರೆಯಬೇಕು. ನಿದರ್ಶನದಲ್ಲಿ ‘ದರತಿದ್ದು’ ಬದಲು ‘ದರಪರಿಷ್ಕರಿಸು’ ಕರೆಯುವುದು ಸರಿ. ಎರಡನೆಯದಾಗಿ, ಸಾರ್ವಜನಿಕ ಇಂಟರ್‌ಫೇಸ್ ಮೂಲಕ ಮೆಥಡ್ಡನ್ನು ಹುಡುಕಬೇಕು. ಮೂರನೆಯದಾಗಿ, ಹೆಸರಿನಿಂದ ಹುಡುಕುವುದನ್ನೇ ಬಿಟ್ಟು, ಪ್ರತಿ ಆಯ್ಕೆಗೆ ಯಾವ ಮೆಥಡ್ ಎಂಬ ಪಟ್ಟಿಯನ್ನು ಕ್ಲಾಸಿನ ಒಳಗೇ ರಚಿಸಬಹುದು. ಆ ಪಟ್ಟಿಯಲ್ಲಿ ಇಲ್ಲದ ಹೆಸರು ಬಂದರೆ ಸ್ಪಷ್ಟವಾದ ಸಂದೇಶದೊಂದಿಗೆ ನಿರಾಕರಿಸಬಹುದು. ಅನೇಕ ಪ್ರಕರಣಗಳಲ್ಲಿ ಈ ಪಟ್ಟಿಯೇ ಸಾಕಾಗಿ ರಿಫ್ಲೆಕ್ಷನ್‌ನ ಅಗತ್ಯವೇ ಇರುವುದಿಲ್ಲ.

ನಾಲ್ಕನೆಯದಾಗಿ, ಹೊರಗಿನವರಿಗೆ ನಿಜವಾಗಿಯೂ ಬೇಕಾದ ಕೆಲಸವಾಗಿದ್ದರೆ ಮಾತ್ರ ಮೆಥಡ್ಡನ್ನು ಸಾರ್ವಜನಿಕಗೊಳಿಸಬಹುದು. ಆಗ ಅಗತ್ಯವಾದ ಪರಿಶೀಲನೆಗಳನ್ನು ಅದರೊಳಗೇ ಸೇರಿಸಬೇಕು. ಕೊನೆಯದಾಗಿ, ಸೆಟ್‌ಆಕ್ಸೆಸಿಬಲ್ ಮುಂತಾದ ಬಲವಂತದ ಕ್ರಮಗಳನ್ನು ದತ್ತಾಂಶವನ್ನು ಕಡತಕ್ಕೆ ಬರೆಯುವ ಗ್ರಂಥಾಲಯಗಳು, ಪರೀಕ್ಷಾ ಉಪಕರಣಗಳು ಮೊದಲಾದ ವಿಶೇಷ ಸಂದರ್ಭಗಳಿಗೆ ಮೀಸಲಿಡುವುದು ಸೂಕ್ತ. ಖಾಸಗಿ ಮೆಥಡ್ಡಿನ ಹೆಸರನ್ನು ಅದರ ಕರ್ತೃ ಯಾವಾಗ ಬೇಕಾದರೂ ಬದಲಿಸಬಹುದಾದ್ದರಿಂದ ಬಲವಂತದ ಕರೆ ಮುಂದಿನ ಆವೃತ್ತಿಯಲ್ಲಿ ಮುರಿದುಬೀಳುವ ಸಂಭವವೂ ಇದೆ.

ಭದ್ರತೆ

ಹೊರಗಿನಿಂದ ಬಂದ ಹೆಸರಿನಂತೆ ಕ್ಲಾಸ್ ಅಥವಾ ಮೆಥಡ್ಡನ್ನು ಆರಿಸುವುದನ್ನು ತಂತ್ರಾಂಶ ದೌರ್ಬಲ್ಯಗಳ ಅಂತರರಾಷ್ಟ್ರೀಯ ಪಟ್ಟಿಯಾದ ಸಿಡಬ್ಲ್ಯುಇಯಲ್ಲಿ 470ನೆಯ ಸಂಖ್ಯೆಯಡಿ ಅಸುರಕ್ಷಿತ ರಿಫ್ಲೆಕ್ಷನ್ ಎಂದು ವರ್ಗೀಕರಿಸಲಾಗಿದೆ. ಜಾಲತಾಣಗಳಿಗೆ ಬಳಸುವ ಅಪಾಚೆ ಸ್ಟ್ರಟ್ಸ್ 2 ಫ್ರೇಮ್‌ವರ್ಕ್‌ನಲ್ಲಿ ಚಾಲನಾಕಾಲದ ಮೆಥಡ್ ಕರೆಯ ಸೌಲಭ್ಯವನ್ನು ತೆರೆದಿಟ್ಟಿದ್ದರೆ ದೂರದಿಂದಲೇ ಅನ್ಯರ ಆದೇಶಗಳನ್ನು ಓಡಿಸಬಹುದಾದ ದೋಷ 2016ರಲ್ಲಿ ಬಹಿರಂಗವಾಯಿತು.

2022ರ ಮಾರ್ಚ್‌ನಲ್ಲಿ ಪ್ರಕಟವಾದ ಸ್ಪ್ರಿಂಗ್‌ಫೋರ್‌ಶೆಲ್ ಎಂಬ ದೋಷ ಈ ವಿಷಯದಲ್ಲಿ ಹೆಚ್ಚು ಬೋಧಪ್ರದವಾಗಿದೆ. ಜಾವಾದ ಸ್ಪ್ರಿಂಗ್ ಫ್ರೇಮ್‌ವರ್ಕ್ ಜಾಲಪುಟದಿಂದ ಬಂದ ಹೆಸರುಗಳಂತೆ ಆಬ್ಜೆಕ್ಟಿನ ಗುಣಗಳನ್ನು ತುಂಬುತ್ತದೆ. ಇದೇ ದಾರಿಯಿಂದ ಕ್ಲಾಸ್‌ಲೋಡರ್ ಎಂಬ ಒಳಭಾಗವನ್ನು ತಲುಪಬಹುದೆಂದು 2010ರಲ್ಲಿ ತಿಳಿದುಬಂದಾಗ ಆ ಹೆಸರನ್ನು ನಿಷೇಧಿಸಲಾಗಿತ್ತು. ಜಾವಾ 9 ಮಾಡ್ಯೂಲ್‌ಗಳನ್ನು ತಂದಾಗ ಪ್ರತಿ ಕ್ಲಾಸಿಗೂ ಮಾಡ್ಯೂಲ್ ಎಂಬ ಹೊಸ ಗುಣ ಸೇರಿತು. ಅದರ ಮೂಲಕ ಅದೇ ಒಳಭಾಗಕ್ಕೆ ಸುತ್ತುದಾರಿ ತೆರೆಯಿತು. ನಿಷೇಧಿತ ಹೆಸರುಗಳ ಪಟ್ಟಿಗೆ ನಾಳೆ ಹುಟ್ಟುವ ಹೆಸರುಗಳು ತಿಳಿದಿರುವುದಿಲ್ಲ. ಅನುಮತಿಸಿದ ಹೆಸರುಗಳ ಪಟ್ಟಿಯನ್ನು ಇಟ್ಟುಕೊಂಡು ಉಳಿದೆಲ್ಲವನ್ನೂ ನಿರಾಕರಿಸುವುದೇ ಸುರಕ್ಷಿತ ಎಂದು ಈ ಪ್ರಕರಣ ತೋರಿಸಿಕೊಟ್ಟಿತು.

ಪ್ರವೇಶ ಮಟ್ಟಗಳು ಭದ್ರತೆಯ ಸಂಪೂರ್ಣ ಸಾಧನವಲ್ಲ. ಒಂದು ಮೆಥಡ್ ಸಾರ್ವಜನಿಕವಾಗಿದೆ ಎಂಬುದರ ಅರ್ಥ ಅದನ್ನು ಯಾವ ಬಳಕೆದಾರನಾದರೂ ಬಳಸಬಹುದೆಂದಲ್ಲ. ಪ್ರೋಗ್ರಾಮಿನ ಇತರ ಭಾಗಗಳು ಕರೆಯಬಹುದು ಎಂದಷ್ಟೇ. ಬಳಕೆದಾರನ ಅಧಿಕಾರವನ್ನು ಮೆಥಡ್ಡಿನ ಒಳಗೆ ಪ್ರತ್ಯೇಕವಾಗಿ ಪರಿಶೀಲಿಸಬೇಕು.

ಇವನ್ನೂ ನೋಡಿ

ಆವರಣೀಕರಣ
ರಿಫ್ಲೆಕ್ಷನ್
ಆಬ್ಜೆಕ್ಟ್ ಓರಿಯೆಂಟೆಡ್ ಪ್ರೋಗ್ರಾಮಿಂಗ್
ಜಾವಾ ಪ್ರೋಗ್ರಾಮಿಂಗ್ ಭಾಷೆ
ಯೂನಿಕೋಡ್
ಮೊಳಕಾಲ್ಮುರು ಸೀರೆ